ಬಸರೂರಿನ ಅಕ್ಕಿಯೂ ಧಾನ್ಯನಿರೋಧನೀತಿಯೂ

ಪರಸ್ಪರ ವೈರವುಳ್ಳ ರಾಷ್ಟ್ರಗಳು ಒಂದರ ಆಹಾರಪದಾರ್ಥವನ್ನು ಮತ್ತೊಂದು ತನ್ನ ಸೀಮೆಯೊಳಕ್ಕೆ ಬಿಡದಿರುವುದು ಇತ್ತೀಚಿನ ವರ್ತಮಾನಗಳಲ್ಲಿ ಪದೇಪದೇ ಕಾಣಬರುವ ಸಂಗತಿಯಾಗಿದೆ. 2014ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ರಷ್ಯಾದೇಶವು ತನ್ನ ಮೇಲೆ ಆರ್ಥಿಕ ನಿರ್ಬಂಧಗಳನ್ನು ಹಾಕಿದ ಯೂರೋಪಿನ ಒಕ್ಕೂಟ, ಅಮೆರಿಕ ಮೊದಲಾದವುಗಳ ಮಾಂಸ, ಮೀನು, ಹಾಲಿನ ಪದಾರ್ಥ, ಹಣ್ಣು, ತರಕಾರಿಗಳನ್ನು ಪ್ರತೀಕಾರರೂಪವಾಗಿ ನಿಷೇಧಿಸಿತು. ಇದನ್ನು ನೂತನವಾದ ನೀತಿಯೆಂದು ಭಾವಿಸುವವರು ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ನದೀಮುಖಗಳ ಪೂರ್ವಚರಿತ್ರೆಯನ್ನು ಅವಲೋಕಿಸತಕ್ಕದ್ದು. ಅಲ್ಲಿ ಅಕ್ಕಿಯೇ ಇಂತಹ ಆಯುಧವಾಗಿ ಎರಡು ಶತಮಾನಗಳಿಗೂ ಮಿಕ್ಕ ಕಾಲ ಪ್ರಯೋಗವಾಯಿತು.

ಕೌಟಿಲ್ಯನು ಶುಲ್ಕವ್ಯವಹಾರವನ್ನು ವಿವರಿಸುವಲ್ಲಿ ಹೊರಕ್ಕೆ ಹೋಗುವ ಸರಕನ್ನು ನಿಷ್ಕ್ರಾಮ್ಯವೆಂದೂ ಒಳಕ್ಕೆ ಬರುವುದನ್ನು ಪ್ರವೇಶ್ಯವೆಂದೂ ವಿಂಗಡಿಸಿರುವನು. ಶಸ್ತ್ರ, ಕವಚ, ಲೋಹಾದಿಗಳೊಡನೆ ಧಾನ್ಯವನ್ನೂ ಹೊರಕ್ಕೊಯ್ಯಲಾಗದ ವಸ್ತುಗಳಲ್ಲಿ ಎಣಿಸಿರುವನು. ಅನ್ನವು ಆಯುಧದ ಪಂಕ್ತಿಯಲ್ಲಿ ಕುಳಿತಿರುವುದಷ್ಟೆ! ರಾಷ್ಟ್ರಕ್ಕೆ ಪೀಡಾಕರವಾದ ಸರಕನ್ನು ನಿಲ್ಲಿಸಬೇಕೆಂದೂ, ಮಹೋಪಕಾರಿಯಾದುದನ್ನೂ ದುರ್ಲಭವಾದ ಬೀಜವನ್ನೂ ಸುಂಕವಿಲ್ಲದೆ ಬಿಡಬೇಕೆಂದೂ ಅಲ್ಲಿಯೇ ಹೇಳಿದೆ. ಅಂದಮೇಲೆ ಪ್ರವೇಶ್ಯನಿರೋಧಕ್ಕೆ ಅವನು ಒಪ್ಪುವ ಹೇತು ಸ್ವರಾಷ್ಟ್ರದ ಪೀಡೆ. ಶತ್ರುವಿನ ಮೇಲಣ ರೋಷವು ಅಲ್ಲಿ ಹೇತುವಾಗಿ ನಿಂತಿಲ್ಲ. ಈ ಭೇದವು ಮುಂದಿನ ವಿಚಾರಕ್ಕೆ ಉಪಯುಕ್ತವಾದುದು.

ಹದಿನಾರನೆಯ ಶತಮಾನದ ಆದಿಭಾಗದಲ್ಲಿ ದುವಾರ್ತೆ ಬಾರ್ಬೋಸನೆಂಬ ಪೋರ್ತುಗೀಜನು ಈ ತೀರವನ್ನು ವರ್ಣಿಸಿರುವನು. ಅವನು ಮಾಯಂದೂರ್ ಎಂದು ಬರೆದುದು ಬೈಂದೂರೆಂದೂ, ಬ್ರಸೆಲೋರ್ ಎಂಬುದು ಬಸರೂರೆಂದೂ, ಬಕನೋರ್ ಎಂಬುದು ಬಾರಕೂರೆಂದೂ ವಿದ್ವಾಂಸರು ಗುರುತಿಸಿರುವರು. ಇಲ್ಲಿಯ ಅಕ್ಕಿಯನ್ನು ಒಂದೇ ಅಳತೆಯ ಹುಲ್ಲಿನ ಕಟ್ಟುಗಳಾಗಿ ಮಾಡಿ ಸಾಗಿಸುತ್ತಿದ್ದರೆಂದು ಅವನು ಹೇಳುವುದು ಈ ನಾಡಿನ ಅಕ್ಕಿಮುಡಿಯನ್ನೇ ಎಂಬುದರಲ್ಲಿ ಸಂದೇಹವಿಲ್ಲ. ಅಕ್ಕಿಯ ನಾಲ್ಕು ಜಾತಿಗಳಲ್ಲಿ ಉತ್ತಮವಾದುದಕ್ಕೆ ಅವನು ಕೊಟ್ಟ ಹೆಸರನ್ನು ಕೆಲವರು 'ಗಿರಸಲ್' ಎಂದು ಓದುವರು. ಪೋರ್ತುಗೀಜ್ ಭಾಷೆಯಲ್ಲಿ ಇಕಾರದ ಹಿಂದಣ ಆ ಅಕ್ಷರಕ್ಕೆ ಜಕಾರಕ್ಕೆ ಸಮೀಪವಾದ ಉಚ್ಚಾರವಿರುವುದರಿಂದ ಅದು ಜೀರಸಾಲೆಯೇ ಸರಿ. ನಾಲ್ಕನೆಯದಾದ 'ಪಚರಿ'ಯು ಮಲಯಾಳದ ಪಚ್ಚರಿ, ಎಂದರೆ ಕುಂದಾಪುರದವರು ಬೆಳ್ತಿಗೆ ಎನ್ನುವ ಅಕ್ಕಿ. ಕನ್ನಡ ತುಳುಗಳ ರೇವಿನಲ್ಲಿ ಮಲಯಾಳದ ಹೆಸರೇಕೆ? ಕೊಳ್ಳುವವನ ಮಾತು ಮಾರುವವನ ಅಂಗಡಿಯಲ್ಲಿ ನೆಲಸಿತೆಂದು ಊಹಿಸಬಹುದು. ಪರಂತು ಬಾರ್ಬೋಸನು ಕಣ್ಣನೂರಿನ ಕೋಠಿಯಲ್ಲಿ ಲೇಖಕನಾಗಿದ್ದು ಮಲಯಾಳವನ್ನು ಬಲ್ಲವನಾದುದರಿಂದ ಆ ಹೆಸರು ಅವನದೇ ಆಗಿರಲೂಬಹುದು. ಇದೊಂದನ್ನೇ ಪ್ರಮಾಣವಾಗಿ ಹಿಡಿಯಲಾಗದು.

ಹೆಸರು ಹೇಗೇ ಇರಲಿ, ವಿನಿಮಯವು ಸ್ಪಷ್ಟವಾಗಿದೆ. ಕಲ್ಲಿಕೋಟೆ, ಕಣ್ಣನೂರುಗಳ ದೋಣಿಗಳು ತೆಂಗಿನಕಾಯಿ, ಕೊಬ್ಬರಿ ಎಣ್ಣೆ, ಬೆಲ್ಲಗಳನ್ನು ಇಲ್ಲಿಗೆ ತಂದು ಅಕ್ಕಿಯನ್ನು ಒಯ್ಯುತ್ತಿದ್ದುವು. ಒಳ್ಳೆಮೆಣಸನ್ನು ಬೆಳೆದು ಅಕ್ಕಿಯನ್ನು ಕೊಂಡುಣ್ಣುವ ದೇಶ ಮಲಬಾರು. ಅಕ್ಕಿ ಮಿಗುವ ದೇಶ ಬಾರಕೂರಿನದು. ಬಸರೂರು, ಬಾರಕೂರುಗಳ ಶಾಸನಗಳಲ್ಲಿ ಕಾಣುವ ಹಲರು, ಸೆಟ್ಟಿಕಾರರು, ಹಂಜಮಾನದವರು ಎಂಬ ವಣಿಕ್ಸಮೂಹಗಳ ಏಳಿಗೆಗೆ ಈ ವ್ಯಾಪಾರವೂ ಒಂದು ಆಧಾರವಾಗಿತ್ತು.

ಕಲ್ಲಿಕೋಟೆಯ ಸಾಮೂದಿರಿಯೊಡನೆ ಹಗೆಗೊಂಡ ಪೋರ್ತುಗೀಜರು ಕಂಡುಕೊಂಡ ಮರ್ಮಸ್ಥಾನವಿದೇ. ಕರ್ತಾಜ್ ಎಂಬ ರಹದಾರಿಯಿಲ್ಲದೆ ಸಮುದ್ರದಲ್ಲಿ ಸಿಕ್ಕಿದ ನೌಕೆಯನ್ನು ಅವರು ಹಿಡಿಯುತ್ತಿದ್ದರು. ಬಾರಕೂರಿನ ನದೀಮುಖದಲ್ಲಿ 1520ರ ದಶಕದಲ್ಲಿ ಸಾಮೂದಿರಿಯ ಪಕ್ಷದ ದೋಣಿಗಳ ಮೇಲೆ ಲೋಪೊ ವಾಜ್ ದ ಸಂಪಾಯೊ ಬಿದ್ದು ಅವನ್ನು ನಾಶಗೊಳಿಸಿದನು. 1569ರಲ್ಲಿ ಬಸರೂರಿನ ಕೋಟೆಯೇ ಅವರ ವಶವಾಯಿತು. ಸಮುದ್ರವ್ಯಾಪಾರದ ಈ ತಡೆಯಿಂದ ಮಲಬಾರಿನ ವಣಿಕರು ಎಂತಹ ದಾರಿದ್ರ್ಯಕ್ಕೆ ಇಳಿದರೆಂಬುದನ್ನು ಆ ಶತಮಾನದ ಉತ್ತರಾರ್ಧದಲ್ಲಿ ಶೇಖ್ ಜೈನುದ್ದೀನನು ತನ್ನ ಅರಬೀ ಗ್ರಂಥದಲ್ಲಿ ಬರೆದಿಟ್ಟಿರುವನು.

ಆದರೆ ನಿರೋಧದ ಫಲವು ಕಲ್ಲಿಕೋಟೆಯಲ್ಲಿಯೇ ನಿಲ್ಲಲಿಲ್ಲ. ಅಕ್ಕಿಯನ್ನು ಒಯ್ಯುವ ದೋಣಿ ಬಾರದಿದ್ದರೆ ತೆಂಗಿನ ಎಣ್ಣೆಯ ದೋಣಿಯೂ ಬಾರದು; ಗದ್ದೆಯ ಒಕ್ಕಲು ಗೇಣಿಯ ಮುಡಿಗಳನ್ನು ಅಳೆದುಕೊಟ್ಟ ಮೇಲೆ ಮಿಕ್ಕುದನ್ನು ಮಾರುವುದಕ್ಕೆ ಒಬ್ಬನೇ ಗಿರಾಕಿ ಉಳಿದನು, ಅವನೇ ಕೋಟೆಯಲ್ಲಿದ್ದ ಪರಂಗಿ. ಕೊಳ್ಳುವವನು ಒಬ್ಬನೇ ಆದಲ್ಲಿ ಬೆಲೆಯನ್ನು ನಿರ್ಣಯಿಸುವವನೂ ಅವನೇ. ಸಾಲದೆಂದು ಕಪ್ಪಕಾಣಿಕೆಯನ್ನೂ ಅಕ್ಕಿಯ ರೂಪದಲ್ಲಿಯೇ ಕೇಳುತ್ತಿದ್ದರು. ಇನ್ನೊಂದು ಫಲವು ಕಳ್ಳಸಾಗಣೆ. ಹೆಗ್ಗಡಲ ಹಡಗು ಬರಲಾರದ ಆಳವಿಲ್ಲದ ಹೊಳೆಗಳಲ್ಲಿ ಮಲಬಾರಿನ ಹಗುರದೋಣಿಗಳು ನುಸುಳಿದುವು. ದಕ್ಷಿಣದ ಒಳ್ಳೆಮೆಣಸು ನಿರ್ಬಂಧವನ್ನು ತಪ್ಪಿಸಿಕೊಂಡು ಕನ್ನಡ ತೀರದ ರೇವುಗಳಿಗೆ ಬಂದಿತು.

ತಡೆದವರೇ ಈ ಅಕ್ಕಿಯನ್ನು ನಂಬಿದ್ದರೆಂಬುದು ವಿಚಿತ್ರ. ಗೋವೆಯ ಊಟಕ್ಕೆ ಕನ್ನಡ ತೀರದ ಅಕ್ಕಿ ಬೇಕಾಗಿತ್ತು. ಕೆಳದಿಯ ಶಿವಪ್ಪನಾಯಕನು 1654ರೊಳಗೆ ಬಸರೂರು, ಗಂಗೊಳ್ಳಿ, ಹೊನ್ನಾವರ, ಮಂಗಳೂರುಗಳ ಕೋಟೆಗಳನ್ನು ಕಿತ್ತುಕೊಂಡಾಗ ತಕ್ಕಡಿಯು ಕೈ ಬದಲಾಯಿತು. ಮುಚ್ಚುವ ತೆರೆಯುವ ಅಧಿಕಾರವು ಬಿದನೂರಿಗೆ ಬಂದಿತು. ಅಷ್ಟರಲ್ಲಿ 1650ರಲ್ಲಿ ಮಸ್ಕತವನ್ನು ಪೋರ್ತುಗೀಜರಿಂದ ಗೆದ್ದುಕೊಂಡ ಒಮಾನಿನ ಅರಬರು ಇದೇ ಅಕ್ಕಿಗೆ ಗಿರಾಕಿಗಳಾದರು. ಅರಬರನ್ನು ರೇವಿಗೆ ಸೇರಿಸಬಾರದೆಂದು ಗೋವೆಯವರು ಹಟ ಹಿಡಿದರು, ಕೆಳದಿಯವರು ಕಿವಿಗೊಡಲಿಲ್ಲ. 1713ರಲ್ಲಿ ಗೋವೆಯ ನೌಕಾಬಲವು ಕನ್ನಡ ತೀರದ ರೇವುಗಳ ಮೇಲೆ ಬಿದ್ದಿತು. ಮರುವರ್ಷದ ಸಂಧಿಪತ್ರದಲ್ಲಿ ಅರಬರನ್ನು ದೂರವಿಡುವ ಮಾತು ಸೇರಿತು. ಎರಡು ಕಡೆಯ ಬೊಕ್ಕಸಗಳಲ್ಲಿ ಯಾವುದಕ್ಕೂ ಇದರಿಂದ ಲಾಭವಾಯಿತೆನ್ನಲಾಗದು. ಮಸ್ಕತದ ವರ್ತಕನು ತರುತ್ತಿದ್ದ ಹಣವನ್ನು ಗೋವೆಯು ಕೊಡಬಲ್ಲದಾಗಿರಲಿಲ್ಲ.

ಈಗಿನ ಉದಾಹರಣೆಗಳಲ್ಲಿಯೂ ಇದೇ ಕ್ರಮವನ್ನು ಕಾಣಬಹುದು. ರಷ್ಯಾದ ನಿಷೇಧದಿಂದ ಪೋಲೆಂಡಿನ ಸೇಬಿನ ತೋಟಗಾರನು ಗಿರಾಕಿಯನ್ನು ಕಳೆದುಕೊಂಡನು. ರಷ್ಯಾದಲ್ಲಿ ಆಹಾರದ ಬೆಲೆಯೇರಿತು. ಅಲ್ಲಿಯ ಕೋಳಿ, ಹಂದಿಗಳ ಸಾಕಣೆಯು ವೃದ್ಧಿಯಾದುದೂ ನಿಜ; ಆ ಲಾಭವನ್ನು ಮರೆಮಾಡುವುದು ನ್ಯಾಯವಲ್ಲ. ಭಾರತವು 2019ರ ಫೆಬ್ರವರಿಯಲ್ಲಿ ಪಾಕಿಸ್ತಾನದ ಸರಕುಗಳ ಮೇಲೆ ನೂರಕ್ಕೆ 200ರಂತೆ ಸುಂಕವನ್ನು ವಿಧಿಸಿತು. ಅದೇ ಆಗಸ್ಟಿನಲ್ಲಿ ಪಾಕಿಸ್ತಾನವು ವ್ಯಾಪಾರವನ್ನು ನಿಲ್ಲಿಸಿತು. 2025ರ ಮೇ ತಿಂಗಳಲ್ಲಿ ಭಾರತವು ಅಲ್ಲಿಯ ಸರಕೆಲ್ಲವನ್ನೂ ನಿಷೇಧಿಸಿತು. ಮದುವೆಯ ತಟ್ಟೆಯಲ್ಲಿಡುವ ಉತ್ತತ್ತಿಯು ಬಹುಮಟ್ಟಿಗೆ ಆ ದೇಶದಿಂದಲೇ ಬರುತ್ತಿತ್ತು. ನಿಷೇಧವಾದ ತರುವಾಯ ಅದೇ ಉತ್ತತ್ತಿಯು ದುಬೈಯನ್ನು ಸುತ್ತಿ ಬೇರೆ ದೇಶದ ಹೆಸರಿನಲ್ಲಿ ಮುಂಬಯಿಯ ಬಂದರಿಗೆ ಬಂದುದನ್ನು ಆ ವರ್ಷವೇ ಸುಂಕದ ಅಧಿಕಾರಿಗಳು ಹಿಡಿದರು.