ತೋಟಕ್ಕೆ ಬಂದ ಶಂಖದ ಹುಳು: ಊರೊಟ್ಟಾಗಿ ತಡೆಯುವ ಬಗೆ

ಮಳೆ ಹಿಡಿದು ಎಂಟು ಹತ್ತು ದಿನಗಳಾಗುವಷ್ಟರಲ್ಲಿ ತೋಟದ ಕಟ್ಟೆ, ಬಾವಿಯ ದಂಡೆ, ಹಟ್ಟಿಯ ಗೋಡೆ, ಬಾಳೆಯ ಬುಡ, ಎಲ್ಲೆಂದರಲ್ಲಿ ಬೆರಳುದ್ದದ ಚಿಪ್ಪು ಹೊತ್ತ ಬಸವನ ಹುಳುಗಳು ಹರಿದಾಡುತ್ತವೆ. ಹಿಂದಿನ ವರ್ಷ ನಾಲ್ಕೋ ಐದೋ ಕಂಡಿದ್ದ ತೋಟದಲ್ಲಿ ಈ ವರ್ಷ ಬುಟ್ಟಿಗಟ್ಟಲೆ ಸಿಗುತ್ತವೆ. ಬೆಳಗ್ಗೆ ಎದ್ದು ನೋಡಿದರೆ ನಿನ್ನೆ ಸಂಜೆ ಇದ್ದ ಹರಿವೆಯ ಸಾಲು ಇಲ್ಲ. ಅಲಸಂಡೆಯ ಎಳೆ ಬಳ್ಳಿಗೆ ದಂಟು ಮಾತ್ರ ಉಳಿದಿದೆ. ಇದಕ್ಕೆ ಮದ್ದು ಯಾವುದೆಂದು ಕೇಳದ ಕೃಷಿಕರಿಲ್ಲ. ಮದ್ದಿನ ಮಾತು ಮುಂದೆ ಬರುತ್ತದೆ. ಅದಕ್ಕಿಂತ ಮೊದಲು ಈ ಜೀವಿಯ ನಡೆ ತಿಳಿದುಕೊಳ್ಳಬೇಕು. ನಡೆ ತಿಳಿದರೆ ಕೈಕೆಲಸದಿಂದಲೇ ಮುಕ್ಕಾಲು ಪಾಲು ಹತೋಟಿ ಸಾಧ್ಯ.

ಇದು ಯಾವ ಹುಳು?

ನಮ್ಮ ಮಣ್ಣಿನಲ್ಲಿ ಹಿಂದಿನಿಂದಲೂ ಬಸವನ ಹುಳುಗಳಿವೆ. ತುಳುವಿನಲ್ಲಿ ನರ್ತೆ ಎಂದು ಕರೆಯುವ ಗದ್ದೆಯ ಹುಳು ಬೇರೆ. ಘಟ್ಟದ ಬದಿಯ ಕಾಡಿನಲ್ಲಿ ಕಾಣುವ ಚಪ್ಪಟೆ ಚಿಪ್ಪಿನವು ಬೇರೆ. ಇವುಗಳಿಂದ ಬೆಳೆಗೆ ಹೇಳಿಕೊಳ್ಳುವಂಥ ನಷ್ಟವಿಲ್ಲ. ಈಗ ಹಾವಳಿ ಮಾಡುತ್ತಿರುವುದು ಆಫ್ರಿಕದ ದೈತ್ಯ ಬಸವನ ಹುಳು. ಇದರ ಚಿಪ್ಪು ಶಂಖದಂತೆ ಉದ್ದ, ತುದಿ ಚೂಪು. ಕಂದು ಬಣ್ಣದ ಮೇಲೆ ತಿಳಿ ಬಣ್ಣದ ಪಟ್ಟೆಗಳಿರುತ್ತವೆ. ಸಾಧಾರಣವಾಗಿ ಎರಡು ಮೂರು ಅಂಗುಲವಿದ್ದು, ಚೆನ್ನಾಗಿ ಬೆಳೆದದ್ದು ಅದಕ್ಕೂ ದೊಡ್ಡದಾಗುತ್ತದೆ. ಕೃಷಿ ಭವನದ ಮಲಯಾಳ ಕಾಗದಪತ್ರಗಳಲ್ಲಿ 'ಆಫ್ರಿಕ್ಕನ್ ಒಚ್ಚ್' ಎಂದು ಬರೆದಿರುವುದು ಇದನ್ನೇ.

ಇದರ ತೌರು ಪೂರ್ವ ಆಫ್ರಿಕದ ಕರಾವಳಿ. ಅಲ್ಲಿಂದ ಮಾರಿಷಸ್ ದ್ವೀಪಕ್ಕೆ ಬಂದಿತ್ತು. 1847ರಲ್ಲಿ ಬೆನ್ಸನ್ ಎಂಬ ಆಂಗ್ಲ ಅಧಿಕಾರಿ, ಚಿಪ್ಪುಗಳ ಅಭ್ಯಾಸದಲ್ಲಿ ಆಸಕ್ತಿಯುಳ್ಳವನು, ಮಾರಿಷಸಿನಿಂದ ಕೆಲವನ್ನು ಕಲಕತ್ತೆಗೆ ತಂದನು. ಅವು ಚೌರಂಗಿಯ ಒಂದು ಕೈತೋಟ ಸೇರಿದವು. ನಮ್ಮ ದೇಶದಲ್ಲಿ ಇವುಗಳ ಸಂಸಾರ ಬೆಳೆದದ್ದು ಹಾಗೆ. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರ ಜೊತೆ ಅಂಡಮಾನಿಗೂ ಬಂದವು. ಕೇರಳದಲ್ಲಿ ಮೊದಲು ಸುದ್ದಿಯಾದದ್ದು ಪಾಲಕ್ಕಾಡಿನ ಕಡೆ, 1970ರ ದಶಕದಲ್ಲಿ. 2005ರ ನಂತರ ಒಂದಾದ ಮೇಲೊಂದು ಜಿಲ್ಲೆಯಲ್ಲಿ ಹಾವಳಿ ಹಬ್ಬಿತು. ಪೀಚಿಯಲ್ಲಿರುವ ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯವರು ಇದರ ಬಗ್ಗೆ ಅಭ್ಯಾಸ ನಡೆಸಿದ್ದಾರೆ. ಕೊಡಗಿನ ಶನಿವಾರಸಂತೆ ಸುತ್ತಿನ ಕಾಫಿ ತೋಟದವರಿಗೂ ಇದರ ಕಾಟ ಹೊಸತಲ್ಲ.

ಒಮ್ಮೆಲೇ ಹೆಚ್ಚುವುದು ಹೇಗೆ?

ಈ ಹುಳುಗಳಲ್ಲಿ ಗಂಡು ಹೆಣ್ಣು ಎಂದು ಬೇರೆ ಬೇರೆ ಇಲ್ಲ. ಪ್ರತಿಯೊಂದೂ ಎರಡೂ ಹೌದು; ಆದ್ದರಿಂದ ಪ್ರತಿಯೊಂದೂ ಮೊಟ್ಟೆಯಿಡುತ್ತದೆ. ಒಮ್ಮೆ ಕೂಡಿದ ಮೇಲೆ ಹಲವು ಸಲ ಮೊಟ್ಟೆಯಿಡಬಲ್ಲದು. ಸಡಿಲ ಮಣ್ಣಿನಲ್ಲಿ, ತರಗೆಲೆಯ ಅಡಿಯಲ್ಲಿ ಒಂದು ಸಲಕ್ಕೆ 100ರಿಂದ 400ರ ವರೆಗೆ ಇಡುತ್ತದೆ. ಮೊಟ್ಟೆ ತಿಳಿ ಹಳದಿ ಛಾಯೆಯ ಬಿಳಿ. ದೊಡ್ಡ ಸಬ್ಬಕ್ಕಿಯ ಕಾಳಿನಂತೆ ತೋರುತ್ತದೆ. ಹವೆ ಅನುಕೂಲವಾಗಿದ್ದರೆ ಒಂದರಿಂದ ಮೂರು ವಾರದೊಳಗೆ ಮರಿಯಾಗುತ್ತದೆ. ಸುಮಾರು ಆರು ತಿಂಗಳಲ್ಲಿ ಮರಿಯೇ ಮೊಟ್ಟೆಯಿಡುವ ಪ್ರಾಯಕ್ಕೆ ಬರುತ್ತದೆ. ಐದಾರು ವರ್ಷ ಬಾಳುವುದುಂಟು.

ಲೆಕ್ಕ ಹಾಕಿ ನೋಡೋಣ. ಒಂದು ಹುಳು 200 ಮೊಟ್ಟೆಯಿಟ್ಟು ಹತ್ತರಲ್ಲಿ ಒಂದೇ ಬದುಕಿತೆನ್ನಿ, 20 ಆಯಿತು. ಮುಂದಿನ ವರ್ಷ ಆ ಇಪ್ಪತ್ತರಿಂದ 400. ಅದರ ಮುಂದಿನ ವರ್ಷ 8,000. ಮೊದಲನೆಯ ವರ್ಷ ಯಾರ ಕಣ್ಣಿಗೂ ಬೀಳದು, ಎರಡನೆಯ ವರ್ಷ ಯಾರೂ ಲೆಕ್ಕಿಸರು, ಮೂರನೆಯ ವರ್ಷ ಒಮ್ಮೆಲೇ ಬಂದಂತೆ ಕಾಣುತ್ತದೆ. ನಿಜಕ್ಕೆ ಅದು ಒಮ್ಮೆಲೇ ಬಂದದ್ದಲ್ಲ.

ಬೇಸಗೆಯಲ್ಲಿ ಕಾಣದೆ ಹೋದವು ಸತ್ತವೆಂದು ತಿಳಿಯಬಾರದು. ಮಣ್ಣು ಒಣಗಿದಾಗ ಹುಳು ಮುರಕಲ್ಲಿನ ಕಟ್ಟೆಯ ಸಂದು, ಸೋಗೆಯ ರಾಶಿ, ಮರದ ಪೊಟರೆ ಸೇರಿ ಚಿಪ್ಪಿನ ಬಾಯಿಗೆ ಪೊರೆ ಮುಚ್ಚಿಕೊಂಡು ತಿಂಗಳುಗಟ್ಟಲೆ ಮಲಗುತ್ತದೆ. ಮೊದಲ ಮಳೆಗೆ ಹಸಿದು ಎದ್ದು ಬರುತ್ತದೆ. ಬೇಸಗೆಯಲ್ಲೂ ನೀರು ಹಾಯಿಸುವ ಅಡಕೆ ತೋಟದ ತಂಪಿನಲ್ಲಿ ಹೀಗೆ ಮಲಗುವ ಅಗತ್ಯವೂ ಅದಕ್ಕೆ ಬೀಳದು.

ಹುಳು ತಾನಾಗಿ ದೂರ ಹೋಗುವ ಜೀವಿಯಲ್ಲ. ದೂರಕ್ಕೆ ಒಯ್ಯುವವರು ನಾವೇ. ಹೊರಗಿನಿಂದ ತಂದ ಮಣ್ಣು, ಗೊಬ್ಬರ, ಚೀಲದಲ್ಲಿ ಬೆಳೆಸಿದ ಗಿಡ, ಬಾಳೆಯ ಕಂದು, ಮರದ ದಿಮ್ಮಿ, ಇವುಗಳ ಜೊತೆ ಮೊಟ್ಟೆಯೋ ಮರಿಯೋ ಬರುತ್ತದೆ. ಕೊಂಡು ತಂದ ಗಿಡವನ್ನು ಕೂಡಲೇ ನೆಡದೆ, ಚೀಲದ ಅಡಿಯನ್ನೂ ಮೇಲ್ಮಣ್ಣನ್ನೂ ಕೆದಕಿ ನೋಡುವ ಅಭ್ಯಾಸ ಇಟ್ಟುಕೊಳ್ಳಬೇಕು.

ತಿನ್ನದ ವಸ್ತು ಕಡಿಮೆ

ಐನೂರಕ್ಕಿಂತ ಹೆಚ್ಚು ಬಗೆಯ ಸಸ್ಯಗಳನ್ನು ಇದು ತಿನ್ನುತ್ತದೆಂದು ಗುರುತಿಸಲಾಗಿದೆ. ಬೆಳೆದ ಅಡಕೆ ಮರವೋ ತೆಂಗೋ ಇದರಿಂದ ಸಾಯುವುದಿಲ್ಲ. ಅಪಾಯವಿರುವುದು ಎಳೆಯದಕ್ಕೆ: ಅಡಕೆ ಸಸಿ, ಬಾಳೆಯ ಕಂದು, ಪಪ್ಪಾಯಿ, ಕೊಕ್ಕೊದ ಚಿಗುರು, ಒಳ್ಳೆಮೆಣಸಿನ ಎಳೆ ಬಳ್ಳಿ, ವೀಳ್ಯದೆಲೆ, ಬಸಳೆ, ಹರಿವೆ, ತರಕಾರಿ. ಒಂದೆರಡು ಎಕ್ರೆ ತೋಟದ ನಡುವೆ ಉಪಬೆಳೆಯಿಂದ ಮನೆಖರ್ಚು ತೂಗಿಸುವ ಕುಟುಂಬಕ್ಕೆ ಪೆಟ್ಟು ಬೀಳುವುದು ಇಲ್ಲಿಯೇ. ಚಿಪ್ಪು ಬೆಳೆಯಲು ಸುಣ್ಣ ಬೇಕಾದ್ದರಿಂದ ಸುಣ್ಣ ಬಳಿದ ಗೋಡೆಯನ್ನೂ ಕೆರೆಯುತ್ತದೆ. ಮನೆಯ ಗೋಡೆಯಲ್ಲಿ ಹುಳು ಕಾಣುವುದಕ್ಕೆ ಇದು ಕಾರಣ.

ಹೆಕ್ಕುವ ಕ್ರಮ

ಎಲ್ಲಕ್ಕಿಂತ ಮಿಗಿಲಾದ ಉಪಾಯ ಕೈಯಿಂದ ಹೆಕ್ಕುವುದು. ಆದರೆ ಹೊತ್ತು ನೋಡಿ ಹೆಕ್ಕಬೇಕು. ಹಗಲಿನಲ್ಲಿ ಇವು ಅಡಗಿರುತ್ತವೆ. ಕತ್ತಲಾದ ಮೇಲೆ, ಇಲ್ಲವೆ ಬಿಸಿಲೇರುವ ಮೊದಲು ಹೊರಗಿರುತ್ತವೆ. ಮಳೆ ಸುರಿದು ಬಿಟ್ಟ ರಾತ್ರಿ ಟಾರ್ಚ್ ಹಿಡಿದು ಹೊರಟರೆ ಒಂದು ತಾಸಿನಲ್ಲಿ ಸಿಕ್ಕಷ್ಟು ಹಗಲಿಡೀ ಹುಡುಕಿದರೂ ಸಿಗದು.

ಹುಡುಕುವ ಶ್ರಮ ತಪ್ಪಿಸಲು ಹುಳುಗಳನ್ನೇ ಒಂದೆಡೆ ಕರೆಸಬೇಕು. ಸಂಜೆ ಗೋಣಿಚೀಲ ನೆನೆಸಿ ತೋಟದ ಅಲ್ಲಲ್ಲಿ ಹಾಸಿ, ಅದರಡಿ ಪಪ್ಪಾಯಿ ಎಲೆ, ಕೋಸಿನ ಹೊರಎಲೆ, ಬಾಳೆದಿಂಡಿನ ತುಂಡು ಇಲ್ಲವೆ ಕೊಳೆತ ಪಪ್ಪಾಯಿ ಇಡಬೇಕು. ವಾಸನೆಗೆ ಬಂದು ತಿಂದವು ತಂಪಿಗೆ ಚೀಲದಡಿಯೇ ಸೇರುತ್ತವೆ. ಬೆಳಗ್ಗೆ ಚೀಲ ಎತ್ತಿ ಹೆಕ್ಕಿದರಾಯಿತು.

ಹೆಕ್ಕುವಾಗ ಬರಿಗೈ ಕೂಡದು. ಕೈಚೀಲ ತೊಡಬೇಕು, ಇಲ್ಲದಿದ್ದರೆ ಪ್ಲಾಸ್ಟಿಕ್ ತೊಟ್ಟೆಯನ್ನು ಕೈಗೆ ಸುತ್ತಿಕೊಂಡರೂ ಸರಿ. ಹೆಕ್ಕಿದ್ದನ್ನು ಗಟ್ಟಿ ಉಪ್ಪುನೀರಿನ ಬಾಲ್ದಿಗೆ ಹಾಕಬೇಕು. ಲೀಟರು ನೀರಿಗೆ ಕಾಲು ಕಿಲೋ ಕಲ್ಲುಪ್ಪು. ಸತ್ತವನ್ನು ಬಾವಿಯಿಂದ ದೂರದಲ್ಲಿ ಎರಡು ಮೂರು ಅಡಿ ಆಳದ ಹೊಂಡಕ್ಕೆ ಹಾಕಿ, ಸುಣ್ಣ ಉದುರಿಸಿ ಮಣ್ಣು ಮುಚ್ಚಬೇಕು. ಉಪ್ಪುನೀರನ್ನು ಗಿಡದ ಬುಡಕ್ಕೆ ಚೆಲ್ಲಬಾರದು. ಕಂಡಲ್ಲೆಲ್ಲ ನೆಲಕ್ಕೆ ಉಪ್ಪು ಎರಚುವವರಿದ್ದಾರೆ. ಹುಳುವಿನ ಜೊತೆ ಮಣ್ಣೂ ಕೆಡುತ್ತದೆ.

ಮೇ ತಿಂಗಳಿನಲ್ಲೇ ಕಟ್ಟೆಯ ಸಂದು, ಸೋಗೆ ಮಡಲುಗಳ ರಾಶಿ, ಹಳೆ ಹಲಗೆಗಳ ಅಡಿ ಹುಡುಕಿ ಮಲಗಿದವನ್ನು ತೆಗೆದರೆ ಬಹಳ ಲಾಭ. ಮೊದಲ ಮಳೆಯಿಂದ ಒಂದು ತಿಂಗಳು ಬಿಡದೆ ಹೆಕ್ಕಬೇಕು. ಮೊಟ್ಟೆಯಿಡುವ ಮುಂಚೆ ಹೆಕ್ಕಿದ ಒಂದು ಹುಳು, ಆಟಿ ತಿಂಗಳಲ್ಲಿ ಹೆಕ್ಕುವ ನೂರಕ್ಕೆ ಸಮ.

ಮದ್ದಿನ ಮಾತು

ಹೆಕ್ಕಿ ತೀರದಷ್ಟು ಇರುವಲ್ಲಿ ಕೇರಳದಲ್ಲಿ ಬಳಕೆಯಲ್ಲಿರುವ ಒಂದು ಕ್ರಮವಿದೆ. 25 ಗ್ರಾಂ ಹೊಗೆಸೊಪ್ಪನ್ನು ಒಂದೂವರೆ ಲೀಟರ್ ನೀರಿನಲ್ಲಿ ಕುದಿಸಿ ಒಂದು ಲೀಟರಿಗೆ ಇಳಿಸಬೇಕು. 60 ಗ್ರಾಂ ಮೈಲುತುತ್ತನ್ನು ಬೇರೆ ಒಂದು ಲೀಟರ್ ನೀರಿನಲ್ಲಿ ಕರಗಿಸಬೇಕು. ಎರಡನ್ನೂ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕೂಡಿಸಿ ಸೋಸಿ, ಗೋಣಿಚೀಲದ ಬಳಿ ಒಟ್ಟುಗೂಡಿದ ಹುಳುಗಳ ಮೇಲೆ ಸಿಂಪಡಿಸಬೇಕು. ಇದು ವಿಷವೆಂಬುದನ್ನು ಮರೆಯಬಾರದು. ತಿನ್ನುವ ಸೊಪ್ಪಿನ ಮೇಲೆ, ಬಾವಿ ತೋಡುಗಳ ಬದಿಯಲ್ಲಿ ಹೊಡೆಯಬಾರದು. ಕುದಿಸಿದ ಪಾತ್ರೆಯನ್ನು ಅಡಿಗೆಗೆ ತರಬಾರದು. ಮೈಲುತುತ್ತು ಹೆಚ್ಚಾದರೆ ಎರೆಹುಳುವಿಗೂ ಕೇಡು. ಅಡಕೆಗೆ ಬೋರ್ಡೋ ಬಳಸುವ ನಮ್ಮವರಿಗೆ ಮತ್ತೊಂದು ಸುಲಭ ಮಾರ್ಗ, ಎಳೆ ಗಿಡಗಳ ಕಾಂಡದ ಸುತ್ತ ಗೇಣಗಲ ಬೋರ್ಡೋ ಮುಲಾಮು ಹಚ್ಚುವುದು. ತಾಮ್ರದ ಅಂಶವಿರುವಲ್ಲಿ ಹುಳು ದಾಟಲು ಹಿಂಜರಿಯುತ್ತದೆ.

ಅಂಗಡಿಯಲ್ಲಿ ಸಿಗುವ ಮೆಟಾಲ್ಡಿಹೈಡ್ ಎಂಬ ಗುಳಿಗೆ ಹುಳುವನ್ನು ಕೊಲ್ಲುತ್ತದೆ; ತಿಂದ ನಾಯಿ, ದನ, ಕೋಳಿಗಳನ್ನೂ ಕೊಲ್ಲುತ್ತದೆ. ಜೋರು ಮಳೆಗೆ ಅದರ ಗುಣವೂ ಕೆಡುತ್ತದೆ. ಕೃಷಿ ಭವನದವರನ್ನು ಕೇಳದೆ, ಪೊಟ್ಟಣದ ಮೇಲಿನ ಪ್ರಮಾಣ ನೋಡದೆ ಬಳಸುವುದು ಬೇಡ. ಬಾತುಕೋಳಿ ಸಾಕಿದವರ ತೋಟದಲ್ಲಿ ಮರಿಹುಳುಗಳು ಕಡಿಮೆಯಾಗುತ್ತವೆ. ಕೆಂಬೂತ ಹಕ್ಕಿಯೂ ಮಿಂಚುಹುಳುವಿನ ಮರಿಯೂ ಇವನ್ನು ತಿನ್ನುತ್ತವೆ. ಮಿತಿಮೀರಿ ವಿಷ ಹಾಕಿದರೆ ಈ ನೆರವು ತಪ್ಪುತ್ತದೆ. ಹುಳು ತಿನ್ನುವ ಹೊಸ ಜೀವಿಯನ್ನು ಹೊರಗಿನಿಂದ ತರುವ ಆಸೆಯಂತೂ ಬೇಡ. ಹವಾಯಿ ದ್ವೀಪಗಳಲ್ಲಿ 1955ರಲ್ಲಿ ಇದಕ್ಕೆಂದು ಬೇರೊಂದು ಬೇಟೆಗಾರ ಹುಳುವನ್ನು ತಂದು ಬಿಟ್ಟರು. ಅದು ಆ ದ್ವೀಪದ ಸ್ವಂತ ಹುಳುಗಳ ಜಾತಿಗಳನ್ನೇ ಅಳಿಸಲು ತೊಡಗಿತು; ಆಫ್ರಿಕದ ಹುಳು ಉಳಿದೇ ಇದೆ.

ಮನೆಮಂದಿಯ ಆರೋಗ್ಯ

ಇಲಿಯ ಶ್ವಾಸಕೋಶದಲ್ಲಿ ವಾಸಿಸುವ ಒಂದು ಸಣ್ಣ ಜಂತುವಿದೆ. ಇಲಿಯ ಹಿಕ್ಕೆಯ ಮೂಲಕ ಅದರ ಮರಿಗಳು ಈ ಹುಳುವಿನ ಮೈ ಸೇರುತ್ತವೆ. ಅಂಥ ಹುಳುವಿನ ಚೂರು ಹಸಿ ಸೊಪ್ಪಿನ ಜೊತೆಗೋ ತೊಳೆಯದ ಕೈಯ ಮೂಲಕವೋ ಮನುಷ್ಯನ ಹೊಟ್ಟೆ ಸೇರಿದರೆ ಮಿದುಳಿನ ಪೊರೆಗೆ ಬಾವು ಬರುವ ಭಯವಿದೆ. ಕೇರಳದಲ್ಲಿ ಮಕ್ಕಳಿಗೆ ಹೀಗಾದದ್ದು ವೈದ್ಯರ ಗಮನಕ್ಕೆ ಬಂದಿದೆ. ಹೆದರಿ ಕೂರಬೇಕಾದ್ದಿಲ್ಲ, ಎಚ್ಚರ ಸಾಕು. ಮಕ್ಕಳಿಗೆ ಚಿಪ್ಪು ಆಟದ ವಸ್ತುವಾಗಬಾರದು. ಹುಳು ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯಬೇಕು. ಸೊಪ್ಪು ತರಕಾರಿಯನ್ನು ಎಲೆ ಎಲೆಯಾಗಿ ಬಿಡಿಸಿ ತೊಳೆದು ಬೇಯಿಸಬೇಕು. ಬಾವಿಗೆ ಬಲೆ ಹಾಸಿ, ನೀರು ಕುದಿಸಿ ಕುಡಿಯಬೇಕು. ಹುಳು ಹೆಚ್ಚಿರುವ ಊರಿನಲ್ಲಿ ಮಗುವಿಗೆ ಬಿಡದ ತಲೆನೋವು, ವಾಂತಿ, ಕುತ್ತಿಗೆ ಬಿಗಿತ ಬಂದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ, ಹುಳುವಿನ ವಿಷಯವನ್ನೂ ಹೇಳಬೇಕು.

ತೋಡಿಗೆ ಎಸೆಯಬೇಡಿ

ಕೊಂಬಿನಂಥ ಕಣ್ಣುಗಳನ್ನು ನೋಡಿ ಹಿರಿಯರು ಬಸವನೆಂದು ಹೆಸರಿಟ್ಟ ಜೀವವಿದು. ಕೊಲ್ಲಲು ಮನಸ್ಸು ಬಾರದೆ, ಹೆಕ್ಕಿದ್ದನ್ನು ಬೇಲಿಯಾಚೆಗೋ ತೋಡಿಗೋ ಎಸೆಯುವವರು ನಮ್ಮಲ್ಲಿ ಬಹಳ. ಅವರ ಕರುಣೆಯನ್ನು ನಾವು ಹಳಿಯುವುದಿಲ್ಲ. ಆದರೆ ತೋಡಿನ ನೀರು ಎಲ್ಲಿಗೆ ಹೋಗುತ್ತದೆ ಎಂದು ವಿಚಾರ ಮಾಡಬೇಕು. ಕೆಳಗಿನ ಮನೆಯ ತರಕಾರಿ ಸಾಲಿಗೆ, ಅಲ್ಲಿಂದ ಅದರ ಕೆಳಗಿನ ತೋಟಕ್ಕೆ. ನಾವು ಕೊಲ್ಲದೆ ಬಿಟ್ಟ ಒಂದು, ಮೇಲೆ ಹೇಳಿದ ಲೆಕ್ಕದಂತೆ, ಮೂರು ವರ್ಷದಲ್ಲಿ ನೆರೆಯವರ ಪಾಲಿಗೆ ಸಾವಿರಾರು. ಬೇಲಿಯಾಚೆ ಎಸೆದದ್ದು ನಮ್ಮ ಬೇಲಿಯನ್ನೇ ದಾಟಿ ತಿರುಗಿ ಬರುತ್ತದೆ.

ಆದ್ದರಿಂದ ಒಬ್ಬರ ತೋಟದಲ್ಲಿ ಎಷ್ಟು ಹೆಕ್ಕಿದರೂ ಫಲ ಅರ್ಧವೇ. ಒಂದು ತೋಡಿನ ಇಕ್ಕೆಲದ ಮನೆಗಳೆಲ್ಲ ಒಂದೇ ವಾರದಲ್ಲಿ, ಒಂದೇ ಹೊತ್ತಿನಲ್ಲಿ ಹೆಕ್ಕುವಂತಾಗಬೇಕು. ಆಳಿಲ್ಲದ ಮನೆಯ ತೋಟವನ್ನೂ, ಒಡೆಯರು ದೂರದಲ್ಲಿರುವ ಪಾಳು ಜಾಗವನ್ನೂ ಬಿಡಕೂಡದು. ಉಳಿಯುವ ಬೀಜ ಅಲ್ಲಿಯೇ. ವಾರ್ಡಿನ ಪಂಚಾಯತು ಸದಸ್ಯರು, ಕುಡುಂಬಶ್ರೀ ಸಂಘದವರು, ಕೃಷಿ ಭವನದವರು ಕೂಡಿ ದಿನ ಗೊತ್ತುಮಾಡಿದರೆ ಕೆಲಸ ಹಗುರ. ಪ್ರತಿ ಮನೆಯವರೂ ಹೆಕ್ಕಿದ ಲೆಕ್ಕವನ್ನು ಬರೆದಿಟ್ಟರೆ ಹಾವಳಿ ಇಳಿಯುವುದೋ ಏರುವುದೋ ಕಣ್ಣಿಗೆ ಕಾಣುತ್ತದೆ.

ಇದು ಆಗುವ ಹೋಗುವ ಮಾತೇ ಎಂದು ಕೇಳುವವರಿಗೆ ಒಂದು ದೃಷ್ಟಾಂತ. 1966ರಲ್ಲಿ ಅಮೆರಿಕದ ಮಯಾಮಿ ಪಟ್ಟಣಕ್ಕೆ ಒಬ್ಬ ಹುಡುಗ ಹವಾಯಿಯಿಂದ ಮೂರು ಹುಳು ತಂದನು. ಅವನ ಅಜ್ಜಿ ಅವನ್ನು ಹಿತ್ತಲಿಗೆ ಬಿಟ್ಟಳು. ಏಳು ವರ್ಷಗಳಲ್ಲಿ ಅವು ಹದಿನೆಂಟು ಸಾವಿರ ದಾಟಿದವು. ಅಲ್ಲಿನ ಸರಕಾರ ಮನೆ ಮನೆಯ ಹಿತ್ತಲನ್ನೂ ಬಿಡದೆ ಹುಡುಕಿಸಿ, 1975ರಲ್ಲಿ ಅವು ನಿರ್ಮೂಲವಾದವೆಂದು ಸಾರಿತು. 2011ರಲ್ಲಿ ಮತ್ತೆ ಕಂಡಾಗ ಮತ್ತೆ ಹತ್ತು ವರ್ಷ ದುಡಿದು ತೆಗೆದರು. ಹಣಬಲವುಳ್ಳ ದೇಶದಲ್ಲೂ ಕೆಲಸವಾದದ್ದು ಹಿತ್ತಲು ಹಿತ್ತಲು ಹುಡುಕಿದ್ದರಿಂದ, ವರ್ಷಾನುವರ್ಷ ಬಿಡದೆ ಹಿಡಿದದ್ದರಿಂದ.

ನಮ್ಮ ಸೀಮೆಯಿಂದ ಇದನ್ನು ಪೂರ್ತಿ ಓಡಿಸುವುದು ಕಷ್ಟವೇ ಸರಿ. ಆದರೆ ಬಸಳೆಯ ಚಪ್ಪರ ಉಳಿಸುವಷ್ಟು, ಅಡಕೆ ಸಸಿ ನೆಲ ಹಿಡಿಯುವಷ್ಟು ಹತೋಟಿ ಮೂರು ಮಳೆಗಾಲದ ಕೂಡುದುಡಿಮೆಯಿಂದ ಸಾಧ್ಯ. ಈ ವರ್ಷ ನಾಲ್ಕೇ ಹುಳು ಕಂಡ ತೋಟದವರು ಇದನ್ನು ಮೊದಲು ಓದಬೇಕು. ಅವರ ಕೆಲಸ ಒಂದು ಸಂಜೆಯದು. ಬಿಟ್ಟರೆ ಇಡೀ ಊರಿನದು.