ಗಣಿ ವಸತಿಯ ಕಾಲುದಾರಿಗಳು: ಕೋಲಾರ ಚಿನ್ನದ ಗಣಿ ಪ್ರದೇಶದ ಒಂದು ಜಾನಪದೀಯ ಓದು

ಕರ್ನಾಟಕದಲ್ಲಿ ಕಲ್ಲಿದ್ದಲ ಗಣಿಗಳಿಲ್ಲ. ಆದರೆ ಯುರೋಪಿನ ಕಲ್ಲಿದ್ದಲ ಊರುಗಳೊಡನೆ ಹೋಲಿಸಿ ನೋಡಬಹುದಾದ ದೊಡ್ಡ ಗಣಿ ವಸತಿಯೊಂದು ಕೋಲಾರ ಜಿಲ್ಲೆಯಲ್ಲಿದೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು ಕೆಲಸವನ್ನು ಕೈಗೆತ್ತಿಕೊಂಡ ಮೇಲೆ ಬೆಳೆದ ಈ ವಸತಿಯು 2001ರ ಫೆಬ್ರವರಿ 28ರಂದು ಗಣಿಗಾರಿಕೆ ನಿಲ್ಲುವವರೆಗೆ ನಾಲ್ಕೈದು ತಲೆಮಾರುಗಳ ಬದುಕಿಗೆ ನೆಲೆಯಾಗಿತ್ತು. ಅದೇ 2001ರಲ್ಲಿ ಜರ್ಮನಿಯ ತ್ಸೋಲ್‌ಫರೈನ್ ಕಲ್ಲಿದ್ದಲ ಗಣಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿ ಮುಚ್ಚಿದ ಗಣಿಯನ್ನು ನಡೆದು ನೋಡುವ ವ್ಯವಸ್ಥೆ ರೂಪುಗೊಂಡಿತು. ಇಲ್ಲಿ ಮುಚ್ಚಿದ ಗಣಿ ಮುಚ್ಚಿಯೇ ಉಳಿಯಿತು.

ಈ ಪ್ರದೇಶವನ್ನು ಅರಿಯಲು ನಡಿಗೆಯೇ ಸೂಕ್ತ ವಿಧಾನ. ಬಂಗಾರಪೇಟೆಯಿಂದ ಕವಲೊಡೆಯುವ ರೈಲುಮಾರ್ಗವು ಕೋರಮಂಡಲ, ಊರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ದಾಟಿ ಮಾರಿಕುಪ್ಪಂನಲ್ಲಿ ಕೊನೆಗೊಳ್ಳುತ್ತದೆ. ಗಣಿಗಳೂ ಹೆಚ್ಚುಕಡಿಮೆ ಇದೇ ಗೆರೆಯಲ್ಲಿ ಸಾಲಾಗಿವೆ. ಆದರೆ ಗಣಿಗಾರನ ದಾರಿ ರೈಲಿನದಲ್ಲ. ‘ಲೈನು’ ಎಂದು ಕರೆಯಲಾಗುವ ಕಾರ್ಮಿಕ ವಸತಿಯಿಂದ ಶಾಫ್ಟಿನ ಬಾಯಿಗೆ, ಪಾಳಿ ಮುಗಿದ ಮೇಲೆ ಅಲ್ಲಿಂದ ಮನೆಗೆ, ಹಬ್ಬದ ಮುನ್ನಾದಿನ ರಾಬರ್ಟ್‌ಸನ್‌ಪೇಟೆಯ ಸಂತೆಗೆ ಹೋಗಿಬರುವ ಕಾಲುದಾರಿಗಳೇ ಈ ವಸತಿಯ ನಿಜವಾದ ನಕ್ಷೆ. ಬಿದಿರು ತಟ್ಟಿಯ ಗುಡಿಸಲುಗಳ ಸಾಲಿಗೂ ಮರಗಳ ನೆರಳಿನಲ್ಲಿದ್ದ ಅಧಿಕಾರಿಗಳ ಬಂಗಲೆಗಳಿಗೂ ನಡುವಿನ ಅಂತರ ಅಳತೆಯಲ್ಲಿ ಅಲ್ಪವಾದರೂ ಸಾಮಾಜಿಕವಾಗಿ ಬಹಳ ದೊಡ್ಡದು. ಶಿವನಸಮುದ್ರದಿಂದ 1902ರಲ್ಲಿ ವಿದ್ಯುತ್ತು ಬಂದುದು ಗಣಿಯ ಯಂತ್ರಗಳಿಗಾಗಿಯೇ ಹೊರತು ಲೈನುಗಳ ಬೆಳಕಿಗಾಗಿ ಅಲ್ಲ ಎಂಬುದನ್ನು ಮರೆಯಲಾಗದು.

ಸ್ಥಳನಾಮಗಳು ಇಲ್ಲಿ ಜಾನಪದ ಅಧ್ಯಯನಕ್ಕೆ ಒದಗುವ ಮುಖ್ಯ ಆಕರ. ಗಿಫರ್ಡ್, ಹೆನ್ರಿ ಮುಂತಾದ ಹೆಸರುಗಳು ಶಾಫ್ಟುಗಳಿಗೆ ಅಂಟಿಕೊಂಡು, ತಮಿಳು, ತೆಲುಗು, ಕನ್ನಡಗಳನ್ನಾಡುವ ಜನರ ನಾಲಗೆಯ ಮೇಲೆ ಹೊರಳಿ, ದಾರಿ ಹೇಳುವ ಗುರುತುಗಳಾದವು. ಇಲ್ಲಿನ ಕಾರ್ಮಿಕರಲ್ಲಿ ಬಹುಪಾಲು ಜನ ನೆರೆಯ ತಮಿಳು, ತೆಲುಗು ಸೀಮೆಗಳಿಂದ ಬಂದ ದಲಿತರು. ಮಾರಿಯಮ್ಮನ ಗುಡಿ, ಚರ್ಚು, ಅಯೋತಿದಾಸರ ಚಿಂತನೆಯಿಂದ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಬೇರೂರಿದ ಬೌದ್ಧ ಸಂಘ, ಇವೆಲ್ಲ ಒಂದೇ ನಡಿಗೆಯ ಹರವಿನಲ್ಲಿ ದೊರೆಯುತ್ತವೆ. ಭಾಷೆಯ ಕಾರಣದಿಂದಲೋ ಏನೋ, ಕನ್ನಡ ಜಾನಪದ ವಿದ್ವತ್ತು ಈ ಸಾಮಗ್ರಿಯ ಕಡೆ ಗಮನ ಹರಿಸಿದ್ದು ಕಡಿಮೆ. ಕಾರ್ಮಿಕ ಸಂಸ್ಕೃತಿಯ ಬಗೆಗೆ ಗಂಭೀರ ಶೋಧ ನಡೆಸಿದವರು ಇತಿಹಾಸಕಾರ್ತಿ ಜಾನಕಿ ನಾಯರ್.

ಕೆಲವು ದಾರಿಗಳು ಭಯದ ದಾರಿಗಳು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಮಿಕ್ಕಿ ಆಳಕ್ಕಿಳಿದಿತ್ತು. ಅಷ್ಟು ಆಳದಲ್ಲಿ ಒತ್ತಡಕ್ಕೆ ಸಿಕ್ಕ ಬಂಡೆ ಹಠಾತ್ತನೆ ಸಿಡಿಯುವುದನ್ನು ಹಿಂದೆ ‘ಏರ್ ಬ್ಲಾಸ್ಟ್’ ಎನ್ನುತ್ತಿದ್ದರು. ಅದರ ನಡುಕ ಮೇಲಿನ ಮನೆಗಳಿಗೂ ತಟ್ಟುತ್ತಿತ್ತು. ಆಗ ಲೈನಿನಿಂದ ಶಾಫ್ಟಿನತ್ತ ಹೆಂಗಸರು ಓಡುವ ದಾರಿಗೆ ದಿನನಿತ್ಯದ ದಾರಿಯ ಅರ್ಥ ಉಳಿಯುತ್ತಿರಲಿಲ್ಲ. ಇನ್ನು ಕೆಲವು ಪ್ರತಿರೋಧದ ದಾರಿಗಳು: ಹೆಬ್ಬೆರಳಿನ ಗುರುತು ಪಡೆದು ದಾಖಲಿಸುವ ಪದ್ಧತಿಯ ವಿರುದ್ಧ 1930ರಲ್ಲಿ ಕಾರ್ಮಿಕರು ಹೂಡಿದ ಮುಷ್ಕರವು ಕಂಪನಿಯನ್ನು ಹಿಮ್ಮೆಟ್ಟಿಸಿತು.

ಸೈನೈಡ್ ಗುಡ್ಡಗಳ ವಿಷಯ ಬೇರೆ. ಅದಿರನ್ನು ಅರೆದು ಚಿನ್ನ ತೆಗೆದ ಮೇಲೆ ಉಳಿದ ಬೂದುಬಣ್ಣದ ಪುಡಿಯ ರಾಶಿಗಳಿವು. ಗಾಳಿ ಬೀಸುವ ತಿಂಗಳುಗಳಲ್ಲಿ ಧೂಳು ಮನೆಯೊಳಗೆ ಬಂದು ಕೂರುತ್ತದೆ. 2018ರಲ್ಲಿ ತೆರೆಕಂಡ ‘ಕೆ.ಜಿ.ಎಫ್’ ಚಲನಚಿತ್ರದ ತರುವಾಯ ಹೊರಗಿನವರಿಗೆ ಇವು ನೋಟದ ತಾಣಗಳಾದವು. ಚಿತ್ರ ತೆಗೆಸಿಕೊಂಡು ಹೋಗುವವರ ಉಸಿರಿಗೆ ಆ ಧೂಳು ಒಂದು ದಿನದ ಮಾತು, ನಿವಾಸಿಗಳಿಗೆ ಜೀವಮಾನದ್ದು. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟವು ಸುಮಾರು 1,003 ಎಕರೆಯಲ್ಲಿ ಹರಡಿರುವ 13 ರಾಶಿಗಳನ್ನು ಮರುಗಣಿಗಾರಿಕೆಗೆ ಒಪ್ಪಿಸುವ ಪ್ರಸ್ತಾವಕ್ಕೆ ಸಮ್ಮತಿಸಿತು. ರಾಶಿಗಳು ಕರಗಿದರೆ ಅವುಗಳ ಬುಡದ ದಾರಿಗಳೂ, ಅವನ್ನೇ ಗುರುತಾಗಿಟ್ಟುಕೊಂಡ ನೆನಪುಗಳೂ ನೆಲೆ ಕಳೆದುಕೊಳ್ಳುತ್ತವೆ.

ಪರಂಪರೆಯ ನಡಿಗೆ ರೂಪಿಸುವವರು ಕ್ಲಬ್ಬು, ಬಂಗಲೆ, ಗಾಲ್ಫ್ ಮೈದಾನಗಳಿಂದ ಆರಂಭಿಸುವುದು ಸುಲಭ. ಗಣಿಯ ಮೇಲ್ವಿಚಾರಕರಾಗಿ ಬಂದಿದ್ದ ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯವರ ನೆಲದಲ್ಲಿ ಗಣಿ ಭೂದೃಶ್ಯವು 2006ರಲ್ಲಿ ವಿಶ್ವಪರಂಪರೆಯೆನಿಸಿತು. ಅವರ ಕೈಕೆಳಗೆ ದುಡಿದವರ ಲೈನುಗಳಿಗೆ ದಾರಿಫಲಕವೂ ಬೇಕು. ಅದಕ್ಕೂ ಮೊದಲು ಆ ದಾರಿಗಳ ಹೆಸರುಗಳನ್ನು ಹೇಳಬಲ್ಲ ನಿವೃತ್ತ ಕಾರ್ಮಿಕರನ್ನು ಕೂರಿಸಿ, ಅವರವರ ಭಾಷೆಯಲ್ಲೇ ದಾಖಲಿಸಿಕೊಳ್ಳಬೇಕಾಗಿದೆ. ಇಂದು ಅವರ ಮಕ್ಕಳು ನಸುಕಿನಲ್ಲಿ ಲೈನಿನಿಂದ ಹೊರಟು ನಿಲ್ದಾಣ ಸೇರಿ, ಬೆಂಗಳೂರಿನ ಕೆಲಸಗಳಿಗೆ ರೈಲು ಹಿಡಿಯುತ್ತಾರೆ. ಶಾಫ್ಟಿನ ಕಡೆಗಿನ ಹಾದಿಯಲ್ಲಿ ಮುಳ್ಳುಪೊದೆ ಬೆಳೆದಿದೆ.