ದ್ರಾಕ್ಷಿ ಬ್ರೆಡ್ಡಿನ ಪುಟ್ಟ ಯಂತ್ರ

ಬ್ರೆಡ್ ಮಾಡುವ ಯಂತ್ರಕ್ಕೆ ಹಿಟ್ಟು ನಾದುವುದನ್ನು ಕಲಿಸಿದವರು ಯಾರು ಗೊತ್ತೇ, ಮಕ್ಕಳೇ? ಹೋಟೆಲಿನಲ್ಲಿ ಬ್ರೆಡ್ ಮಾಡುತ್ತಿದ್ದವರು!

1980ರ ದಶಕದಲ್ಲಿ ಜಪಾನಿನ ಮತ್ಸುಶಿತಾ ಕಂಪನಿ (ಅದೇ ಇಂದಿನ ಪ್ಯಾನಾಸೋನಿಕ್) ಮನೆಯಲ್ಲೇ ಬ್ರೆಡ್ ಮಾಡುವ ಯಂತ್ರ ತಯಾರಿಸಲು ಹೊರಟಿತ್ತು. ಬ್ರೆಡ್ಡಿನ ಹೊರಗೆಲ್ಲ ಗಟ್ಟಿಯಾಗುತ್ತಿತ್ತು, ಒಳಗೆ ಹಸಿಹಸಿ. ಆಗ ಇಕುಕೊ ತನಾಕಾ ಎಂಬ ಸಾಫ್ಟ್‌ವೇರ್ ತಂತ್ರಜ್ಞೆ ಒಸಾಕಾ ಇಂಟರ್‌ನ್ಯಾಷನಲ್ ಹೋಟೆಲಿನ ಮುಖ್ಯ ಬ್ರೆಡ್ ತಯಾರಕರ ಹತ್ತಿರ ಶಿಷ್ಯೆಯಾಗಿ ನಿಂತರು. ಗುರುಗಳು ಹಿಟ್ಟನ್ನು ಬರೀ ಎಳೆಯುತ್ತಿರಲಿಲ್ಲ, ಎಳೆಯುತ್ತಲೇ ತಿರುಚುತ್ತಿದ್ದರು. ಆ ತಿರುಚು ಬರಲೆಂದು ಯಂತ್ರದ ಪಾತ್ರೆಯ ಒಳಮೈಗೆ ಏಣುಗಳನ್ನು ಕೊಟ್ಟರು. 1987ರಲ್ಲಿ ಯಂತ್ರ ಅಂಗಡಿಗೆ ಬಂತು.

ಧಾರವಾಡದ ನಮ್ಮ ಅಡುಗೆಮನೆಯಲ್ಲಿರುವುದು ಅದರ ಮರಿಮಕ್ಕಳ ಪೈಕಿ ಒಂದು. ಬೆಂಗಳೂರಿನ ಮಗಳು ದೊಡ್ಡದನ್ನು ಕೊಂಡಾಗ ಈ ಪುಟ್ಟದು ನಮ್ಮ ಪಾಲಿಗೆ ಬಂತು. ಅಕ್ಕಿಡಬ್ಬಿಯಷ್ಟೇ ಗಾತ್ರ. ತಳದಲ್ಲಿ ಹಿಟ್ಟು ಕಲಸುವ ಒಂದು ರೆಕ್ಕೆ ಇದೆ.

ಲೆಕ್ಕ ಹೀಗೆ: 250 ಗ್ರಾಂ ಮೈದಾ, 150 ಮಿಲಿಲೀಟರ್ ನೀರು, ಸಕ್ಕರೆ ಮತ್ತು ಬೆಣ್ಣೆ ಒಂದೊಂದು ದೊಡ್ಡ ಚಮಚ, ಉಪ್ಪು ಮುಕ್ಕಾಲು ಸಣ್ಣ ಚಮಚ, ಒಣ ಯೀಸ್ಟ್ 3 ಗ್ರಾಂ. ಮೊದಲು ನೀರು, ಅದಕ್ಕೆ ಉಪ್ಪು, ಸಕ್ಕರೆ, ಬೆಣ್ಣೆ. ಮೇಲೆ ಮೈದಾ ಗುಡ್ಡೆ ಹಾಕಿ, ನಡುವೆ ಗುಣಿ ಮಾಡಿ ಯೀಸ್ಟ್ ಇಡಬೇಕು. ಯೀಸ್ಟ್ ಅಂದರೆ ನಿದ್ದೆ ಹೋಗಿರುವ ಸೂಕ್ಷ್ಮಜೀವಿ. ನೀರು ಸಿಕ್ಕರೆ ಎಚ್ಚರವಾಗಿ ಸಕ್ಕರೆ ತಿನ್ನುತ್ತದೆ, ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ನಾದಿದ ಮೈದಾದಲ್ಲಿ ರಬ್ಬರಿನಂಥ ಬಲೆ ಹುಟ್ಟಿರುತ್ತದೆಯಲ್ಲ, ಅದರೊಳಗೆ ಆ ಗಾಳಿ ಸಿಕ್ಕಿಬಿದ್ದು ಹಿಟ್ಟು ಉಬ್ಬುತ್ತದೆ. ರಾತ್ರಿಯಿಡೀ ಹುದುಗಿದ ಇಡ್ಲಿ ಹಿಟ್ಟು ಬೆಳಿಗ್ಗೆ ಪಾತ್ರೆಯ ಮುಚ್ಚಳ ಎತ್ತಿರುತ್ತದಲ್ಲ, ಸುಮಾರು ಅದೇ ಸಂಗತಿ.

ನಾದುವುದು, ಉಬ್ಬಿಸುವುದು, ಬೇಯಿಸುವುದು ಎಲ್ಲ ಸೇರಿ ಮೂರು ಗಂಟೆ. ಆದರೆ ನಮ್ಮೂರ ಗಿರಣಿಯ ಹಿಟ್ಟು ಹೇಗೆ, ಇವತ್ತು ಗಾಳಿಯಲ್ಲಿ ತೇವ ಎಷ್ಟು ಎಂಬುದು ಯಂತ್ರಕ್ಕೆ ತಿಳಿಯದು. ಶುರುವಾಗಿ ಹತ್ತು ನಿಮಿಷಕ್ಕೆ ಮುಚ್ಚಳ ತೆಗೆದು, ರೆಕ್ಕೆ ನಿಂತಿರುವಾಗ ಮಾತ್ರ, ಉಂಡೆಯನ್ನು ಬೆರಳಿನಿಂದ ಒತ್ತಿ ನೋಡಬೇಕು. ಕಿವಿಯ ಹಾಲೆಯಷ್ಟು ಮೆತ್ತಗಿದ್ದರೆ ಸರಿ. ಗಟ್ಟಿಯಾದರೆ ಒಂದು ಚಮಚ ನೀರು, ಅಂಟಿದರೆ ಒಂದು ಚಮಚ ಹಿಟ್ಟು.

ಈ ಒತ್ತಿ ನೋಡುವ ಕೆಲಸ ನಮ್ಮ ಮನೆಯವರದು. ನಲವತ್ತು ವರ್ಷ ಹೊಲಿಗೆ ಯಂತ್ರ ನಡೆಸಿದವರು ಅವರು. ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದೇ ‘ಇದು ಒಗೆದರ ಗೇಣು ಕುಗ್ಗತದ’ ಅನ್ನುತ್ತಿದ್ದರು. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಬಡಿದು ಬಲಗೈ ಸೋತಿತು, ಮಾತೂ ತಡೆಯಿತು. ವ್ಯಾಯಾಮಕ್ಕೆಂದು ಕೊಟ್ಟ ರಬ್ಬರ್ ಚೆಂಡು ಅವರ ಕೈಯಲ್ಲಿ ಇದ್ದುದಕ್ಕಿಂತ ಮಂಚದ ಕೆಳಗೆ ಇದ್ದದ್ದೇ ಹೆಚ್ಚು. ಒಂದು ದಿನ ಮೊಮ್ಮಗ, ‘ಅಜ್ಜಾ, ಇದನ್ನ ನೀನs ಒತ್ತಿ ನೋಡು’ ಎಂದು ಕೈ ಹಿಡಿದು ಕರೆತಂದ. ಒತ್ತಿದರು. ತುಸು ಹೊತ್ತು ಬಿಟ್ಟು, ‘ನೀರ... ಕಡಿಮಿ ಆಗ್ಯಾವ’ ಎಂದರು. ಅಂದಿನಿಂದ ಅಜ್ಜ ಹೇಳದೆ ಮುಚ್ಚಳ ಮುಚ್ಚುವಂತಿಲ್ಲ.

ಇನ್ನು ಒಣದ್ರಾಕ್ಷಿ, ನಮ್ಮ ಕಡೆ ಮಣೂಕ. ನಮಗದು ವಿಜಯಪುರದಿಂದ ಬರುತ್ತದೆ. ಬೇಸಿಗೆಯಲ್ಲಿ ತಿಕೋಟಾ ಕಡೆ ಹೋದವರು ದ್ರಾಕ್ಷಿ ಒಣಗಿಸುವ ಷೆಡ್ಡುಗಳನ್ನು ನೋಡಿರುತ್ತೀರಿ. ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಒಂದು ಬಗೆಯ ಎಣ್ಣೆ ಬೆರೆಸಿದ ನೀರಿನಲ್ಲಿ ಗೊನೆಗಳನ್ನು ಅದ್ದಿ, ನೆರಳಿನಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಯ ಮೇಲೆ ಹರಡುತ್ತಾರೆ. ಸಿಪ್ಪೆಯ ಮೇಣದ ಪದರ ಸಡಿಲವಾಗಿ ಎರಡು ಮೂರು ವಾರದಲ್ಲಿ ಹಣ್ಣು ಒಣಗುತ್ತದೆ. ಸುಮಾರು ನಾಲ್ಕು ಕಿಲೋ ಹಸಿ ಹಣ್ಣಿಗೆ ಒಂದು ಕಿಲೋ ಮಣೂಕ. ನಡುವೆ ಅಕಾಲ ಮಳೆ ಬಂದರೆ ರೈತನ ವರ್ಷದ ದುಡಿಮೆ ಹೋಯಿತು. ಹಾಗಾಗಿ ಡಬ್ಬಿಯಿಂದ ಕದ್ದು ತಿನ್ನುವವರಿಗೆ ಒಂದು ಮಾತು: ತಿನ್ನಿ, ಚೆಲ್ಲಬೇಡಿ.

ಬ್ರೆಡ್ಡಿಗೆ 60 ಗ್ರಾಂ ಸಾಕು. ಚೆನ್ನಾಗಿ ತೊಳೆದು, ಹತ್ತು ನಿಮಿಷ ಬೆಚ್ಚನೆ ನೀರಲ್ಲಿ ನೆನೆಸಿ, ಬಟ್ಟೆಯಲ್ಲಿ ಒತ್ತಿ ಒರೆಸಿ, ಮೇಲೆ ಚಿಟಿಕೆ ಮೈದಾ ಉದುರಿಸಿ. ಮೊದಲೇ ಸುರಿದರೆ ರೆಕ್ಕೆ ಅರೆದುಹಾಕಿ ಬ್ರೆಡ್ಡೆಲ್ಲ ಕಂದು ಬಣ್ಣವಾಗುತ್ತದೆ. ನಾದುವುದು ಮುಗಿಯುವ ಹೊತ್ತಿಗೆ ಯಂತ್ರ ಪೀಂ ಪೀಂ ಎನ್ನುತ್ತದೆ, ಆಗ ಹಾಕಬೇಕು. ಆ ಪೀಂ ಕೇಳಿಸಿಕೊಳ್ಳುವ ಜವಾಬ್ದಾರಿ ಮೊಮ್ಮಗನದು. ಶಾಲೆಯ ಗಂಟೆಗೂ ಅವನು ಅಷ್ಟು ಕಿವಿಗೊಟ್ಟಿರಲಿಕ್ಕಿಲ್ಲ.

ಹೋದ ಮಳೆಗಾಲದಲ್ಲಿ ಹಿಟ್ಟು ಅರ್ಧ ಪಾತ್ರೆ ಏರಿದ್ದಾಗ ಕರೆಂಟು ಹೋಯಿತು. ಐದು ನಿಮಿಷವಾದರೆ ನಮ್ಮ ಯಂತ್ರ ನೆನಪಿಟ್ಟು ಮುಂದುವರಿಸುತ್ತದೆ, ಅರ್ಧ ಗಂಟೆಯಾದರೆ ಎಲ್ಲ ಮರೆಯುತ್ತದೆ. ಹಿಟ್ಟು ಮಾತ್ರ ಯಾರಿಗೂ ಕಾಯದೆ ಉಬ್ಬುತ್ತಲೇ ಇರುತ್ತದೆ. ಮೊಮ್ಮಗನ ಕಣ್ಣಲ್ಲಿ ನೀರು. ಹಿಟ್ಟನ್ನು ತೆಗೆದು ಆರು ಉಂಡೆ ಮಾಡಿ, ದಪ್ಪಗೆ ತಟ್ಟಿ, ತವೆಯ ಮೇಲೆ ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿ ಎರಡೂ ಕಡೆ ಬೇಯಿಸಿದೆ. ಮೇಣದಬತ್ತಿಯ ಬೆಳಕಲ್ಲಿ ಆರೂ ಖಾಲಿ. ಈಗ ಕರೆಂಟು ಇರುವಾಗಲೂ ‘ಅವತ್ತಿನ ರೊಟ್ಟಿ’ ಬೇಕು ಎನ್ನುತ್ತಾನೆ.

ಬೆಂದ ಮೇಲೆ ಪಾತ್ರೆ ಸುಡುತ್ತಿರುತ್ತದೆ, ಅದನ್ನು ಹೊರತೆಗೆಯುವುದು ದೊಡ್ಡವರ ಕೆಲಸ. ಬ್ರೆಡ್ಡನ್ನು ಜಾಲರಿಯ ಮೇಲೆ ಒಂದು ಗಂಟೆ ಆರಲು ಬಿಡಿ. ಬಿಸಿಯಲ್ಲೇ ಕೊಯ್ದರೆ ಒಳಗೆ ಅಂಟಂಟು. ಬೀದಿ ನಾಯಿಗೆ ಬ್ರೆಡ್ ಹಾಕುವ ಅಭ್ಯಾಸವಿದ್ದರೆ ಇದನ್ನು ಹಾಕಲೇಬೇಡಿ. ದ್ರಾಕ್ಷಿ, ಹಸಿಯಾಗಲಿ ಒಣಗಿದ್ದಾಗಲಿ, ನಾಯಿಯ ಮೂತ್ರಪಿಂಡ ಕೆಡಿಸಬಲ್ಲದು.

ತಳದಲ್ಲಿ ರೆಕ್ಕೆ ಬಿಟ್ಟ ತೂತಿರುವ ಹೋಳಿಗೆ ನಮ್ಮಲ್ಲಿ ದಿನವೂ ಜಗಳ. ಆ ತೂತಿಗೆ ಬೆಣ್ಣೆ ತುಂಬಬಹುದು ಎಂದು ಕಂಡುಹಿಡಿದವರು ಅಜ್ಜ, ತಮಗೇ ಬೇಕು ಎನ್ನುವವರೂ ಅವರೇ.